ಅಪ್ಪನನ್ನು ಕೂರಿಸಿಬಿಡಬೇಡಿ

ಪ್ರಶ್ನೆ: ಡಾಕ್ಟ್ರೇ, ನಾನು 47 ವರ್ಷದ ಹೆಣ್ಣುಮಗಳು, ನಮ್ಮ ತಂದೆಗೆ 71. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ಅಮ್ಮ ತೀರಿಕೊಂಡ ಮೇಲೆ ಬೆಂಗಳೂರಿಗೆ ನಮ್ಮ ಮನೆಗೇ ಕರೆದುಕೊಂಡು ಬಂದೆವು. ಯಾವ ಕೆಲಸಕ್ಕೂ ಕೈ ಹಾಕಲು ಬಿಡದೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ. ಆದರೂ ಎರಡು ವರ್ಷದಲ್ಲಿ ತುಂಬ ಇಳಿದುಹೋಗಿದ್ದಾರೆ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ಇದೆ. ನಮ್ಮಜ್ಜಿ ಮುದ್ದೆ, ಸೊಪ್ಪಿನ ಸಾರು ಉಂಡುಕೊಂಡೇ 90 ದಾಟಿದ್ದರು. ಸಿದ್ಧಗಂಗಾ ಶ್ರೀಗಳು 111 ವರ್ಷ ಇದ್ದರು. ವಾಟ್ಸಾಪ್‌ನಲ್ಲಿ ದಿನಕ್ಕೊಂದು ಸಲಹೆ ಬರುತ್ತದೆ: ಜೇನುತುಪ್ಪದ ಬಿಸಿನೀರು, ನೆನೆಸಿದ ಮೆಂತ್ಯ, ಹತ್ತು ಸಾವಿರ ಹೆಜ್ಜೆ. ಆಯಸ್ಸು, ಆರೋಗ್ಯ ಎರಡನ್ನೂ ನಿಜವಾಗಿ ಕೊಡುವ ದಿನನಿತ್ಯದ ಅಭ್ಯಾಸ ಯಾವುದು? ಅಪ್ಪ ಊರಿಗೆ ವಾಪಸ್ ಹೋಗುತ್ತೇನೆ ಅಂತಿದ್ದಾರೆ, ಕಳಿಸಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಒಂದಿದೆ: "ಯಾವ ಕೆಲಸಕ್ಕೂ ಕೈ ಹಾಕಲು ಬಿಡದೆ." ಪ್ರೀತಿಯಿಂದಲೇ ಹಾಗೆ ಮಾಡಿದ್ದೀರಿ, ಅದು ನನಗೆ ಗೊತ್ತು. ಆದರೆ ಅವರು ಇಳಿದುಹೋಗಿರುವುದಕ್ಕೆ ದೊಡ್ಡ ಕಾರಣ ಅಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಹಿರಿಯರ ವಿಭಾಗದಲ್ಲಿ ಕೂತ ನಾನು "ಅಪ್ಪ, ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ" ಅನ್ನುವ ಮಾತನ್ನು ಕೇಳದ ದಿನವಿಲ್ಲ. ಒಳ್ಳೆಯ ಮನೆಗಳಲ್ಲೇ ಈ ಮಾತು ಹೆಚ್ಚು.

ನಿಮ್ಮ ತಂದೆಯವರು ಊರಿನಲ್ಲಿ ಒಂದು ದಿನಕ್ಕೆ ಏನೇನು ಮಾಡುತ್ತಿದ್ದರು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಎದ್ದು ತೋಟಕ್ಕೆ ನಡೆಯುವುದು, ಅದೂ ಸಮತಟ್ಟಿಲ್ಲದ ನೆಲದಲ್ಲಿ. ಬಿದ್ದ ಕಾಯಿಗಳನ್ನು ಬಗ್ಗಿ ಆರಿಸುವುದು, ಎರಡು ಕೈಗೂ ಹೊತ್ತು ತರುವುದು, ಪಾತಿಗೆ ನೀರು ತಿರುಗಿಸುವುದು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಉಣ್ಣಲು ನೆಲದ ಮೇಲೆ ಕೂತು ಏಳುವುದು. ಅವರು ಇದನ್ನು ವ್ಯಾಯಾಮ ಅಂತ ಒಂದು ದಿನವೂ ಕರೆದಿರಲಿಕ್ಕಿಲ್ಲ. ಆದರೆ ಜಿಮ್‌ನಲ್ಲಿ ದುಡ್ಡು ಕೊಟ್ಟು ಮಾಡಿಸುವ ಕೂತೇಳುವುದು, ಭಾರ ಎತ್ತುವುದು, ಸಮತೋಲನ ಕಾಯುವುದು, ಎಲ್ಲವೂ ಅದರಲ್ಲಿತ್ತು. ಬೆಂಗಳೂರಿಗೆ ಬಂದ ಒಂದೇ ದಿನದಲ್ಲಿ ಅಷ್ಟೂ ನಿಂತುಹೋಯಿತು. ಈಗ ಸೋಫಾ, ಡೈನಿಂಗ್ ಟೇಬಲ್, ಕಮೋಡ್, ಮಂಚ. ನಾಲ್ಕೂ ಮೊಣಕಾಲಿನ ಎತ್ತರದಲ್ಲೇ ಇವೆ. ತೊಡೆಗೆ ಪೂರ್ತಿ ಕೆಲಸ ಕೊಡುವ ಸಂದರ್ಭವೇ ಇಡೀ ದಿನದಲ್ಲಿ ಬರುವುದಿಲ್ಲ.

ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತ ಹೋಗುತ್ತದೆ, ಅರವತ್ತರ ನಂತರ ವೇಗ ಹೆಚ್ಚುತ್ತದೆ. ಕೆಲಸ ನಿಂತರೆ ಇನ್ನೂ ಬೇಗ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆ ಹತ್ತೇ ದಿನದಲ್ಲಿ ಕಾಲಿನಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಹೋಗಿತ್ತು. ನಿಮ್ಮ ತಂದೆಯವರು ಹಾಸಿಗೆ ಹಿಡಿದಿಲ್ಲ, ನಿಜ. ಆದರೆ ಎರಡು ವರ್ಷ ಸೋಫಾ ಹಿಡಿದಿದ್ದಾರೆ. ಇನ್ನೊಂದು ವಿಷಯವೂ ಇದೆ. ಉಂಡ ಊಟದ ಸಕ್ಕರೆಯನ್ನು ರಕ್ತದಿಂದ ಅತಿ ಹೆಚ್ಚು ಎಳೆದುಕೊಳ್ಳುವುದು ಸ್ನಾಯುವೇ. ಅದು ಕರಗಿದಂತೆ ಶುಗರ್ ಏರುತ್ತದೆ, ಮಾತ್ರೆ ಹೆಚ್ಚುತ್ತದೆ.

ಕೂತ ಕೆಲಸ, ನಿಂತ ಕೆಲಸ ಇವುಗಳ ವ್ಯತ್ಯಾಸ ಮೊದಲು ಸ್ಪಷ್ಟವಾಗಿ ಕಂಡದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ. ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದವರು. ಇಡೀ ದಿನ ಕೂತೇ ಇರುತ್ತಿದ್ದ ಡ್ರೈವರ್‌ಗಳಿಗಿಂತ, ಟಿಕೆಟ್ ಕೊಡಲು ಮಹಡಿ ಹತ್ತಿಳಿಯುತ್ತಿದ್ದ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ಆಮೇಲೆ 2015ರಲ್ಲಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತದ ಬಲ ಅಳೆದು ನೋಡಿದ ಅಧ್ಯಯನ ಬಂತು. ಅದರಲ್ಲಿ ನಮ್ಮ ದೇಶವೂ ಸೇರಿತ್ತು. ಕೈಹಿಡಿತ ಐದು ಕಿಲೋ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇ 16ರಷ್ಟು ಹೆಚ್ಚಿತ್ತು. ಸಾವನ್ನು ಮುಂಚಿತವಾಗಿ ಸೂಚಿಸುವುದರಲ್ಲಿ ಬಿಪಿಯ ಮೇಲಿನ ಅಂಕಿಗಿಂತಲೂ ಅದು ಹೆಚ್ಚು ನಿಖರವಾಗಿತ್ತು. ಕೈ ಹಿಚುಕಿಕೊಂಡರೆ ಆಯಸ್ಸು ಬರುತ್ತದೆ ಅಂತಲ್ಲ, ಇಡೀ ಮೈಯ ಬಲ ಕೈಯಲ್ಲಿ ಕಾಣುತ್ತದೆ ಅಷ್ಟೇ.

ಈಗ ನಿಮ್ಮಜ್ಜಿ, ಸಿದ್ಧಗಂಗಾ ಶ್ರೀಗಳ ವಿಷಯ. ಶತಾಯುಷಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ವಿಶ್ವೇಶ್ವರಯ್ಯನವರು 1860ರಿಂದ 1962ರವರೆಗೆ ಬದುಕಿದರು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರಿಗೆ 107, ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರಿಗೆ 103 ಆಗಿತ್ತು. ಇವರ ತಟ್ಟೆಯಲ್ಲಿ ಏನಿತ್ತು ಎಂದು ಹುಡುಕಿ ಅದನ್ನೇ ತಿಂದರೆ ಸಾಕು ಅಂದುಕೊಳ್ಳುವುದು ತಪ್ಪು ದಾರಿ. ಅದೇ ಮುದ್ದೆ ಉಂಡು ನಲವತ್ತಕ್ಕೇ ಹೋದವರು ಆ ಕಾಲದಲ್ಲಿ ಲಕ್ಷಾಂತರ ಮಂದಿ, ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು 32ರ ಆಸುಪಾಸು, ಈಗ ಸುಮಾರು 70. ಈ ಏರಿಕೆಗೆ ಮುಖ್ಯ ಕಾರಣ ಲಸಿಕೆ, ಶುದ್ಧ ನೀರು, ಸುರಕ್ಷಿತ ಹೆರಿಗೆ, ಆಂಟಿಬಯಾಟಿಕ್. ತೊಂಬತ್ತು, ನೂರು ದಾಟುವುದರಲ್ಲಿ ವಂಶವಾಹಿಯ ಪಾಲೂ ದೊಡ್ಡದು. ಆದರೂ ಈ ಹಿರಿಯರಲ್ಲಿ ನನ್ನ ಕಣ್ಣಿಗೆ ಬೀಳುವ ಒಂದು ಸಾಮ್ಯವಿದೆ. ಅರವತ್ತಕ್ಕೆ ಇವರ್ಯಾರೂ ಕೆಲಸ ಮುಗಿಯಿತೆಂದು ಕೂರಲಿಲ್ಲ. ಬೆಳಗ್ಗೆ ಏಳುವುದಕ್ಕೆ ಕಾರಣ ಇತ್ತು, ತಮ್ಮನ್ನು ಕಾಯುವ ಜನ ಇದ್ದರು. ಇದರಿಂದಲೇ ಹೆಚ್ಚು ಬದುಕಿದರು ಎಂದು ನಾನು ಹೇಳಲಾರೆ, ಗಟ್ಟಿಯಾಗಿದ್ದುದರಿಂದಲೇ ಕೆಲಸ ಮಾಡಲಾಯಿತು ಅಂತಲೂ ಇರಬಹುದು. ಆದರೆ ನಿಮ್ಮ ತಂದೆಯವರಿಗೆ ಎರಡು ವರ್ಷದಿಂದ ಇಲ್ಲದೇ ಇರುವುದು ಇದೇ.

ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ನಾಳೆ ಬೆಳಗ್ಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ, ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಸಾಮಾನ್ಯ ಊಟದ ಕುರ್ಚಿ ಸಾಕು, ಪ್ಲಾಸ್ಟಿಕ್ಕಿನದು ಬೇಡ, ಜಾರುತ್ತದೆ. ತಂದೆಯವರನ್ನು ಕುರ್ಚಿಯ ನಡುವಿಗೆ ಕೂರಿಸಿ, ಪಾದ ಎರಡೂ ನೆಲಕ್ಕೆ ಊರಿರಲಿ, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಲಿ. ನೀವು ಪಕ್ಕದಲ್ಲೇ ನಿಂತು ಮೊಬೈಲ್‌ನಲ್ಲಿ 30 ಸೆಕೆಂಡ್ ಇಡಿ. ಅಷ್ಟರಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತಾರೆ ಎಣಿಸಿ. ಅವರ ವಯಸ್ಸಿನ ಗಂಡಸರು 12 ಸಲವಾದರೂ ಏಳಬೇಕು. ಕಡಿಮೆಯಾದರೆ ಬೀಳುವ ಅಪಾಯ ಇದೆ ಎಂದು ಅರ್ಥ. ಏಳುವಾಗ ಕೈ ತಾನಾಗಿ ತೊಡೆಗೆ ಹೋಗಿ ಊರಿಕೊಂಡಿತೋ, ನಿಂತ ಮೇಲೆ ಒಂದು ಕ್ಷಣ ತೂರಾಡಿದರೋ, ಕೂರುವಾಗ ಮೆಲ್ಲಗೆ ಇಳಿಯಲಾಗದೆ ಧೊಪ್ಪನೆ ಬಿದ್ದರೋ, ಅದನ್ನೂ ಗಮನಿಸಿ. ಧೊಪ್ಪನೆ ಕೂರುವುದು ತೊಡೆಯ ಬಲ ಹೋಗಿರುವುದರ ಸ್ಪಷ್ಟ ಗುರುತು. ಎಣಿಕೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಅದೇ ಪರೀಕ್ಷೆಯೇ ಔಷಧಿ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಎಂಟರಿಂದ ಹತ್ತು ಸಲ ಕೂತೇಳಲಿ. ಮೊದಲ ವಾರ ಕೈ ಊರಿಕೊಂಡರೂ ಅಡ್ಡಿಯಿಲ್ಲ. ಕೂರುವಾಗ ಮೂರು ಎಣಿಸುವಷ್ಟು ನಿಧಾನ ಮಾಡಲಿ, ಬಲ ಬರುವುದು ಆ ಇಳಿಯುವ ಹೊತ್ತಿನಲ್ಲಿ. ಆಮೇಲೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಅದೇ ಕಟ್ಟೆ ಹಿಡಿದು ಒಂದೊಂದೇ ಕಾಲಿನ ಮೇಲೆ ಹತ್ತು ಸೆಕೆಂಡ್ ನಿಲ್ಲುವುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ ಎಲ್ಲ ವಯಸ್ಕರಿಗೂ ಇದೆ. 65 ದಾಟಿದವರಿಗೆ ಬಲದ ಜೊತೆಗೆ ಸಮತೋಲನದ ವ್ಯಾಯಾಮವನ್ನೂ ವಾರಕ್ಕೆ ಮೂರು ದಿನ ಮಾಡಬೇಕೆಂದು ಬೇರೆಯಾಗಿ ಹೇಳಿದೆ. ನಮ್ಮ ಜನ ನಡಿಗೆಯನ್ನು ಒಪ್ಪಿಕೊಂಡಿದ್ದಾರೆ, ಈ ಎರಡನ್ನು ಕೇಳಿಸಿಕೊಂಡೇ ಇಲ್ಲ. ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುವವರೂ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಬರುತ್ತಾರೆ.

ನಡಿಗೆಯ ಬಗ್ಗೆ: ಹತ್ತು ಸಾವಿರ ಹೆಜ್ಜೆಯ ಲೆಕ್ಕ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಲು ಬಳಸಿದ ಸಂಖ್ಯೆ ಅದು. ಅರವತ್ತು ದಾಟಿದವರಲ್ಲಿ ದಿನಕ್ಕೆ ಆರರಿಂದ ಎಂಟು ಸಾವಿರದ ಹೊತ್ತಿಗೆ ಲಾಭ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿರುತ್ತದೆ. ಎರಡು ಸಾವಿರ ನಡೆಯುತ್ತಿದ್ದವರು ನಾಲ್ಕಕ್ಕೆ ಏರಿದರೂ ದೊಡ್ಡ ಗಳಿಕೆಯೇ. ನಿಮ್ಮ ತಂದೆಯವರಿಗೆ ಶುಗರ್ ಇರುವುದರಿಂದ, ಬೆಳಗ್ಗೆ ಒಂದೇ ಸಲ 45 ನಿಮಿಷ ನಡೆಯುವುದಕ್ಕಿಂತ ತಿಂಡಿ, ಊಟ, ರಾತ್ರಿ ಊಟ ಆದ ಮೇಲೆ ಹದಿನೈದು ಹದಿನೈದು ನಿಮಿಷ ನಡೆಯುವುದನ್ನೇ ನಾನು ಹೇಳುತ್ತೇನೆ. ಅದರಲ್ಲೂ ರಾತ್ರಿ ಊಟದ ನಂತರದ್ದನ್ನು ಬಿಡಬಾರದು. ನಡೆಯುವಾಗ ಎದೆಯಲ್ಲಿ ಬಿಗಿತ, ಎಂದೂ ಇಲ್ಲದ ಏದುಸಿರು ಬಂದರೆ ನಿಲ್ಲಿಸಿ ಅವತ್ತೇ ಡಾಕ್ಟರರನ್ನು ಕಾಣಿ. ಕೈಕಾಲು ನಡುಗಿ ಬೆವರಿದರೆ ಶುಗರ್ ಇಳಿದಿರಬಹುದು. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಬೆಲ್ಲದ ಚೂರೋ ಗ್ಲೂಕೋಸ್ ಪುಡಿಯೋ ಇರಲಿ.

ಇದಕ್ಕಿಂತ ಮುಖ್ಯವಾದದ್ದು, ಮನೆಯಲ್ಲಿ ಅವರ ಪಾಲಿಗೆ ಒಂದು ಕೆಲಸ ಇರಬೇಕು. ತೋರಿಕೆಗೆ ಕೊಟ್ಟದ್ದಾಗಿರಬಾರದು, ಅವರು ಮಾಡದಿದ್ದರೆ ಮನೆಗೆ ತೊಂದರೆಯಾಗುವಂಥದ್ದಾಗಿರಬೇಕು. ತರಕಾರಿ ತರುವುದು ಅವರದೇ ಆಗಲಿ, ಯಾವುದು ಎಳಸು ಯಾವುದು ಬಲಿತದ್ದು ನಿಮಗಿಂತ ಅವರಿಗೆ ಗೊತ್ತು. ಮಹಡಿಯ ಮೇಲೆ ಹತ್ತು ಕುಂಡ ಇಟ್ಟುಕೊಟ್ಟರೆ ಹತ್ತಿಳಿಯುವುದು, ಬಗ್ಗುವುದು, ಕೊಡ ಎತ್ತುವುದು ಎಲ್ಲ ತಾನಾಗಿ ಬರುತ್ತದೆ.

ಊಟದಲ್ಲಿ ಮೊದಲ ಮಾತು ಪ್ರೋಟೀನ್. ಸ್ನಾಯು ಕಟ್ಟುವ ಸಾಮಾನು ಅದು, ನಮ್ಮ ಹಿರಿಯರ ತಟ್ಟೆಯಲ್ಲಿ ಅದೇ ಕಡಿಮೆ. ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಮೂತ್ರಪಿಂಡ ಸರಿಯಿರುವ ಹಿರಿಯರಿಗೆ 1ರಿಂದ 1.2 ಗ್ರಾಂ ಒಳ್ಳೆಯದು ಎನ್ನುವುದು ವೃದ್ಧಾಪ್ಯ ತಜ್ಞರ ಅಭಿಪ್ರಾಯ. 60 ಕಿಲೋ ತೂಕದವರಿಗೆ 60ರಿಂದ 70 ಗ್ರಾಂ ಆಯಿತು. ಬೆಳಗ್ಗೆ ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮುದ್ದೆಯೋ ಮಜ್ಜಿಗೆ ಅನ್ನವೋ ಉಂಡರೆ ಅದರ ಅರ್ಧವೂ ಕಷ್ಟ. ರಾಗಿ ಬಗ್ಗೆ ನನಗೂ ಗೌರವವಿದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲೂ ಇಲ್ಲ. ಆದರೆ ಅದರಲ್ಲಿ ಪ್ರೋಟೀನ್ ಏಳು ಗ್ರಾಂ ಮಾತ್ರ, ಉಳಿದದ್ದು ಬಹುಪಾಲು ಪಿಷ್ಟ. ಶುಗರ್ ಇರುವವರಿಗೆ ಎರಡು ದೊಡ್ಡ ಮುದ್ದೆ ಬೇಡ, ಒಂದು ಸಣ್ಣದು ಸಾಕು, ಪಕ್ಕದಲ್ಲಿ ಕಾಳು ತುಂಬ ಇರಲಿ.

ನಿಮ್ಮಜ್ಜಿಯ ಅಡುಗೆಯಿಂದಲೇ ಹೇಳುತ್ತೇನೆ. ಬಸ್ಸಾರು ಮಾಡುವಾಗ ಹುರುಳಿ, ಹೆಸರು, ಅಲಸಂದೆ, ಯಾವುದಾದರೂ ಕಾಳನ್ನು ಸೊಪ್ಪಿನ ಜೊತೆ ಬೇಯಿಸಿ ಕಟ್ಟು ಬಸಿಯುತ್ತಾರೆ. ಕಟ್ಟು ಸಾರಾಗುತ್ತದೆ, ಉಳಿದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಪ್ರೋಟೀನ್, ನಾರು ಹೆಚ್ಚಾಗಿ ಇರುವುದು ಆ ಪಲ್ಯದಲ್ಲಿ. ಹಲ್ಲಿಲ್ಲ, ಅಗಿಯಲಾಗದು ಎಂದು ಹಿರಿಯರು ಪಲ್ಯ ಬಿಟ್ಟು ಸಾರಿನಲ್ಲೇ ಊಟ ಮುಗಿಸುತ್ತಾರೆ. ಅವರ ಪಾಲಿನ ಕಾಳನ್ನು ಇನ್ನೊಂದೆರಡು ವಿಷಲ್ ಕೂಗಿಸಿ ಸೌಟಿನಿಂದ ಒತ್ತಿ ಮೆತ್ತಗೆ ಮಾಡಿಕೊಡಿ, ಹಲ್ಲಿನ ಡಾಕ್ಟರರ ಹತ್ತಿರವೂ ಕರೆದುಕೊಂಡು ಹೋಗಿ. 30 ಗ್ರಾಂ ಒಣಕಾಳಿನಲ್ಲಿ ಏಳು ಗ್ರಾಂ ಪ್ರೋಟೀನ್, ಒಂದು ಹಿಡಿ ಕಡಲೆಕಾಯಿ ಬೀಜದಲ್ಲೂ ಅಷ್ಟೇ, ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಆರು. ಮೂರು ಹೊತ್ತೂ ಇವುಗಳಲ್ಲಿ ಒಂದೆರಡು ತಟ್ಟೆಗೆ ಬಿದ್ದರೆ ಡಬ್ಬದ ಪುಡಿ ಬೇಕಾಗುವುದಿಲ್ಲ.

ಎರಡನೆಯದು ಉಪ್ಪು. ನಮ್ಮ ದೇಶದಲ್ಲಿ ವಯಸ್ಕರಲ್ಲಿ ಮೂರರಲ್ಲಿ ಒಬ್ಬರಿಗೆ ರಕ್ತದೊತ್ತಡ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ತೋರಿಸಿತು. ಪಾರ್ಶ್ವವಾಯು, ಹೃದಯಾಘಾತ, ಕಿಡ್ನಿ ವೈಫಲ್ಯ ಮೂರರ ಹಿಂದೆಯೂ ಅದು ಇದೆ. ದಿನಕ್ಕೆ ಐದು ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಇರಬೇಕು, ಎಲ್ಲ ಅಡುಗೆಯೂ ಸೇರಿ. ಸಾರಿಗೆ ಉಪ್ಪು ಕಡಿಮೆ ಹಾಕುತ್ತೇವೆ ಅನ್ನುವವರ ಮನೆಯಲ್ಲೂ ಮೊಸರನ್ನಕ್ಕೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಸಂಜೆ ಬೇಕರಿಯ ಖಾರಾ ಬನ್ನು ಇರುತ್ತವೆ. ಇವನ್ನು ಹಬ್ಬಕ್ಕೆ ಇಡಿ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪೂ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಅದನ್ನು ಬಳಸಿ ನೋಡಿದಾಗ ಪಾರ್ಶ್ವವಾಯು ಶೇ 14ರಷ್ಟು ಇಳಿಯಿತು ಎಂದು 2021ರಲ್ಲಿ ವರದಿಯಾಯಿತು. ಆದರೆ ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ಅಪಾಯ ಇದೆ. ನಿಮ್ಮ ಡಾಕ್ಟರರನ್ನು ಕೇಳದೆ ತರಬೇಡಿ.

ಜೇನುತುಪ್ಪದ ನೀರಿನಿಂದ ಆಯಸ್ಸು ಹೆಚ್ಚುವುದಿಲ್ಲ. ಶುಗರ್ ಇರುವವರಿಗೆ ಜೇನೂ ಸಕ್ಕರೆಯೇ, ಬೆಲ್ಲವೂ ಸಕ್ಕರೆಯೇ. ಮೆಂತ್ಯ ತಿನ್ನಲಿ, ಸ್ವಲ್ಪ ಸಹಾಯ ಮಾಡುತ್ತದೆ, ಮಾತ್ರೆಯ ಜಾಗಕ್ಕೆ ಬರುವುದಿಲ್ಲ. ತೋಟದ ಕಡೆಯ ಹಿರಿಯರಲ್ಲವೇ, ಎಲೆ ಅಡಿಕೆ, ಕಡ್ಡಿಪುಡಿ ಅಭ್ಯಾಸ ಇದ್ದರೆ ಬಿಡಿಸಿ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಎರಡು ದಶಕವಾಯಿತು. ಬೀಡಿ ಸಿಗರೇಟು ಇದ್ದರೆ "ಈ ವಯಸ್ಸಿನಲ್ಲಿ ಬಿಟ್ಟು ಏನು" ಅನ್ನಬೇಡಿ. ಬ್ರಿಟಿಷ್ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಅರವತ್ತಕ್ಕೆ ಬಿಟ್ಟವರಿಗೂ ಸುಮಾರು ಮೂರು ವರ್ಷ ಆಯಸ್ಸು ಹೆಚ್ಚಾಗಿತ್ತು, ಮೂವತ್ತಕ್ಕೆ ಬಿಟ್ಟವರಿಗೆ ಹತ್ತು.

ಊರಿಗೆ ಕಳಿಸುವ ಪ್ರಶ್ನೆಗೆ ನನ್ನ ಉತ್ತರ: ಕಳಿಸಿ. ಒಮ್ಮೆಗೇ ಶಾಶ್ವತವಾಗಿ ಅಲ್ಲ. ಎರಡು ತಿಂಗಳು ಕೂತೇಳುವ ಅಭ್ಯಾಸ ಮಾಡಿಸಿ, ಎಣಿಕೆ ಹನ್ನೆರಡರ ಹತ್ತಿರ ಬಂದ ಮೇಲೆ ತಿಂಗಳ ಮಟ್ಟಿಗೆ ಹೋಗಿಬರಲಿ. ಐವತ್ತು ವರ್ಷ ಜೊತೆಗಿದ್ದ ಹೆಂಡತಿ, ತೋಟ, ಜಗುಲಿಯಲ್ಲಿ ಮಾತಾಡಲು ಬರುತ್ತಿದ್ದ ಜನ, ಇಷ್ಟನ್ನೂ ಅವರು ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಕಳೆದುಕೊಂಡಿದ್ದಾರೆ. ಹಿರಿಯರ ದುಃಖ ಅಳುವಾಗಿ ಕಾಣುವುದಕ್ಕಿಂತ ಹೆಚ್ಚಾಗಿ ಊಟ ಬೇಡ, ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದು ಕಾಣುತ್ತದೆ. ಹಾಗಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ವಯಸ್ಸಾಯಿತು ಎಂದು ಬಿಡಬೇಡಿ. ಅವರ ಕಿವಿಯನ್ನೂ ಕಣ್ಣನ್ನೂ ಪರೀಕ್ಷೆ ಮಾಡಿಸಿ. ಕಿವಿ ಕೇಳಿಸದಿದ್ದರೆ ಮನುಷ್ಯ ಮಾತಿನಿಂದ ಹಿಂದೆ ಸರಿಯುತ್ತಾನೆ. ಮರೆವಿನ ಕಾಯಿಲೆಗೆ ತಡೆಯಬಹುದಾದ ಕಾರಣಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದಾಗ ಕಿವುಡು, ಸರಿಪಡಿಸದ ದೃಷ್ಟಿದೋಷ, ಒಂಟಿತನ ಎಲ್ಲವೂ ಅದರಲ್ಲಿದ್ದವು. ಊರಿಗೆ ಹೋಗುವ ಮೊದಲು ಆ ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪ ಇರಲಿ, ಮಾತ್ರೆಯನ್ನು ವಾರದ ಡಬ್ಬಿಯಲ್ಲಿ ತುಂಬಿ ಕಳಿಸಿ. ದಿನಾ ಸಂಜೆ ಬಂದು ನೋಡುವ ಒಬ್ಬ ನೆರೆಯವರನ್ನು ಗೊತ್ತು ಮಾಡಿ. ಮರ ಹತ್ತುವುದು, ರಾತ್ರಿ ಪಂಪ್‌ಸೆಟ್ ಹತ್ತಿರ ಹೋಗುವುದು ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿ.

ಮುಂದಿನ ಸಲ ಡಾಕ್ಟರರ ಹತ್ತಿರ ಹೋದಾಗ ಎರಡು ಮಾತು ಕೇಳಿ. ಬಿಪಿಯನ್ನು ಕೂತಾಗಲೂ, ಎದ್ದು ನಿಂತು ಮೂರು ನಿಮಿಷದೊಳಗೂ ನೋಡಿಸಿ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು, ತಲೆಸುತ್ತಿ ಬೀಳುವುದಕ್ಕೆ ಇದು ದೊಡ್ಡ ಕಾರಣ. ಇನ್ನೊಂದು ವಿಟಮಿನ್ ಬಿ12. ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಕಡಿಮೆಯಾಗಿ ಪಾದ ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಮಾತ್ರೆ ಅಥವಾ ಇಂಜೆಕ್ಷನ್‌ನಲ್ಲಿ ಸರಿಹೋಗುತ್ತದೆ. ಫ್ಲೂ, ನ್ಯುಮೋನಿಯಾ ಲಸಿಕೆಯನ್ನೂ ಕೇಳಿ ಹಾಕಿಸಿ.

ನಿಮ್ಮ ಬಗ್ಗೆ ನೀವು ಏನೂ ಬರೆದಿಲ್ಲ. 47 ಅಂದರೆ ಮುಟ್ಟು ನಿಲ್ಲುವ ಹೊತ್ತು. ಇಲ್ಲಿಂದ ಮುಂದಿನ ಕೆಲವು ವರ್ಷ ಹೆಣ್ಣಿನ ಮೂಳೆ ಬೇಗ ಸವೆಯುತ್ತದೆ, ಬಿಪಿ ಕೊಲೆಸ್ಟರಾಲ್ ಏರುತ್ತವೆ. ತಂದೆಗೆ ಶುಗರ್ ಇರುವುದರಿಂದ ನಿಮಗೂ ಬರುವ ಸಂಭವ ಹೆಚ್ಚು. ತಂದೆಯವರು ಕೂತೇಳುವಾಗ ಪಕ್ಕದ ಕುರ್ಚಿಯಲ್ಲಿ ನೀವೂ ಕೂತೇಳಿ, ಒಂದೊಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲೂ ಹಿಡಿದು ಮಾಡಿ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ತಿಳಿಸಾರಿನಲ್ಲಿ ಉಣ್ಣುವುದನ್ನು ಬಿಟ್ಟು ನಿಮ್ಮ ಪಾಲಿನ ಕಾಳು ಪಲ್ಯವನ್ನು ಮೊದಲೇ ತೆಗೆದಿಡಿ. ರಾತ್ರಿ ಏಳು ಗಂಟೆಯ ನಿದ್ದೆಯನ್ನು ಯಾರ ಸಲುವಾಗಿಯೂ ಕಡಿಮೆ ಮಾಡಬೇಡಿ. ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್" ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಈ ವಾರವೇ ಹೋಗಿ, ಹೋಗುವ ಮೊದಲು ಅರ್ಧ ಗಂಟೆ ಕಾಫಿ ಕುಡಿಯಬೇಡಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಿಪಿ ನೋಡಿಸಿಕೊಳ್ಳಿ. ಮೇಲಿನದು 140 ಅಥವಾ ಕೆಳಗಿನದು 90 ದಾಟಿದ್ದರೆ ಬೇರೆ ಎರಡು ದಿನ ಮತ್ತೆ ನೋಡಿಸಿ, ಅದೇ ಬಂದರೆ ಚಿಕಿತ್ಸೆ ಶುರುಮಾಡಿ.